ಸ್ಟಿಯರಿಂಗಿನ ಕೆಂಪು ಬಟ್ಟೆ

ಆ ಶೆಡ್ಡಿನಲ್ಲಿ ಇದ್ದದ್ದು ಒಂದೇ ಒಂದು ಕಾನೂನು. ಯಾವ ಗಾಡಿಯ ಕೆಲಸ ಅರ್ಧಕ್ಕೆ ನಿಂತಿದೆಯೋ ಅದರ ಸ್ಟಿಯರಿಂಗಿಗೆ ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆ ಇದ್ದರೆ ಯಾರಪ್ಪನ ಮಗನೇ ಆಗಲಿ ಕೀ ತಿರುಗಿಸುವಂತಿಲ್ಲ. ಬಟ್ಟೆ ಇಲ್ಲದಿದ್ದರೆ ಯಾರನ್ನೂ ಕೇಳಬೇಕಾಗಿಯೂ ಇಲ್ಲ. ಮಿಕ್ಕ ಎಲ್ಲ ವಿಷಯದಲ್ಲೂ ಹಾವು ಮುಂಗುಸಿಯಾಗಿದ್ದ ಅಕ್ಕ ತಮ್ಮ ಇದೊಂದರಲ್ಲಿ ಮಾತ್ರ ಒಂದೇ ಮಾತಿನವರು. ಇಪ್ಪತ್ತು ವರ್ಷದ ಹಿಂದೆ ಆ ಕಾನೂನು ಮಾಡಿದವಳು ಅಕ್ಕ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಮುರಿದವಳೂ ಅವಳೇ, ಅದೂ ಬೇಕೆಂದೇ.

ಗುಡ್ಡಗಾಡಿನಲ್ಲಿ, ಕಲ್ಲು ಕೆಸರಿನಲ್ಲಿ ಓಡುವ ಗಾಡಿಗಳ ರಿಪೇರಿ ಶೆಡ್ಡು ಅದು. ತಗಡಿನ ಛಾವಣಿ, ಎಣ್ಣೆ ಕುಡಿದು ಕಪ್ಪಾದ ಸಿಮೆಂಟು ನೆಲ, ಯಾವ ಸ್ಪ್ಯಾನರು ಎಲ್ಲಿ ನೇತಾಡಬೇಕೆಂದು ಗೋಡೆಯ ಮೇಲೆ ಬರೆದ ಬಿಳಿ ಗೆರೆಗಳು. ಎಡಗಡೆ ಅಕ್ಕನ ಮೇಜು: ವೈರು, ಫ್ಯೂಸು, ಸೆನ್ಸರು. ಬಲಗಡೆ ತಮ್ಮ ಇಳಿದು ನಿಲ್ಲುವ ಗುಂಡಿ: ಆಕ್ಸಲು, ಗೇರು, ಗ್ರೀಸು. ನಡುವೆ ನಿಂತವರ ಕಿವಿಗೆ ಇಬ್ಬರ ಜಗಳವೂ ಸಮನಾಗಿ ಬೀಳುತ್ತಿತ್ತು.

ಜಗಳ ಯಾವುದಕ್ಕೆ ಎಂದು ಕೇಳಿದರೆ ಹೊರಗಿನವರಿಗೆ ನಗು ಬರುತ್ತದೆ. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಅದಕ್ಕೆಂದು ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಗೇರಿನ ಗಡ್ಡೆ ಇರುತ್ತದೆ. ಒಳ್ಳೆಯ ಗಡ್ಡೆಯೇ, ಆದರೆ ಒಂದು ಕೆಟ್ಟ ಚಾಳಿ. ಒಂದು ಚಕ್ರ ಕೆಸರಿನಲ್ಲಿ ಜಾರತೊಡಗಿದರೆ ಇಂಜಿನ್ನಿನ ಬಲವೆಲ್ಲ ಆ ಜಾರುವ ಚಕ್ರಕ್ಕೇ ಹೋಗುತ್ತದೆ, ಗಟ್ಟಿ ನೆಲದ ಮೇಲಿರುವುದು ಸುಮ್ಮನೆ ನಿಂತು ನೋಡುತ್ತದೆ. ದುಡಿಯುವ ಮಗನನ್ನು ಬಿಟ್ಟು ಪೋಲಿ ಮಗನ ಕೈಗೆ ಮನೆಯ ಕೀಲಿಕೈ ಕೊಟ್ಟ ಹಾಗೆ.

"ಅದಕ್ಕೇ ಲಾಕ್ ಹಾಕ್ಬೇಕು ಅನ್ನೋದು" ಎನ್ನುತ್ತಿದ್ದ ತಮ್ಮ. "ಗುಂಡಿ ಒತ್ತಿದ್ರೆ ಎರಡೂ ಚಕ್ರ ಒಂದೇ ದಂಡಕ್ಕೆ ಬಿಗಿದ ಹಾಗೆ. ಒಂದು ತಿರುಗಿದ್ರೆ ಇನ್ನೊಂದೂ ತಿರುಗ್ಲೇಬೇಕು. ನೆಪ ಹೇಳೋ ಹಾಗಿಲ್ಲ."

"ತಪ್ಪು ಮಾಡ್ದೋನ ಜೊತೆ ಮಾಡ್ದೇ ಇರೋನನ್ನೂ ಯಾಕೋ ಕಟ್ಟಿ ಹಾಕ್ತೀಯ?" ಎನ್ನುತ್ತಿದ್ದಳು ಅಕ್ಕ. "ಟ್ರ್ಯಾಕ್ಷನ್ ಕಂಟ್ರೋಲ್ ಇದ್ಯಲ್ಲ, ಯಾವ ಚಕ್ರ ಆಟ ಆಡುತ್ತೋ ಅದೊಂದರ ಕಿವಿ ಹಿಂಡುತ್ತೆ, ಬ್ರೇಕ್ ಒತ್ತಿ. ಬಲ ತಾನಾಗೇ ಇನ್ನೊಂದಕ್ಕೆ ಹೋಗುತ್ತೆ."

"ನಿನ್ನ ಕಂಪ್ಯೂಟರು ಯೋಚನೆ ಮಾಡಿ ಮುಗಿಸೋ ಹೊತ್ತಿಗೆ ಗಾಡಿ ಹೊಟ್ಟೆವರೆಗೂ ಹೂತಿರುತ್ತೆ. ಬ್ರೇಕು ಕಾದು ಹೊಗೆ ಬರುತ್ತೆ."

"ನಿನ್ನ ಲಾಕು ಓರೆ ನೆಲದಲ್ಲಿ ಎರಡೂ ಚಕ್ರಾನ ಒಟ್ಟಿಗೆ ಜಾರಿಸಿ ಗಾಡಿ ಬಾಲಾನ ಕೆಳಕ್ಕೆ ಎಳ್ಕೊಂಡು ಹೋಗುತ್ತೆ, ಅದಕ್ಕೇನಂತೀಯ?"

ಸತ್ಯ ಹೇಳಬೇಕೆಂದರೆ ಇಬ್ಬರ ಮಾತೂ ನಿಜ. ಆದರೆ ಅದನ್ನು ಒಪ್ಪಿಕೊಂಡರೆ ದಿನ ಕಳೆಯುವುದು ಹೇಗೆ?

ಅಕ್ಕ ಕಾನೂನು ಮುರಿಯುವ ಹಿಂದಿನ ದಿನ ತಮ್ಮ ಮೂರು ಜನ ಗಿರಾಕಿಗಳ ಎದುರು ಒಂದು ಮಾತು ಜಾಸ್ತಿ ಆಡಿದ. "ನಮ್ಮಕ್ಕನಿಗೆ ವೈರು ಗೊತ್ತು, ಗುಡ್ಡ ಗೊತ್ತಿಲ್ಲ. ಏರು ಕಂಡ್ರೆ ಸಾಕು, ಗಾಡಿಯಿಂದ ಇಳಿದು ನಡ್ಕೊಂಡು ಬರ್ತಾಳೆ. ಅವಳ ಮಾತು ಕೇಳಿ ಲಾಕ್ ಬೇಡ ಅನ್ಬೇಡಿ" ಎಂದ. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಳ್ಳು ಹೇಳಿದ್ದರೆ ಅಕ್ಕ ತಿರುಗಿ ಬೈದು ಸುಮ್ಮನಾಗುತ್ತಿದ್ದಳು. ಮಾತು ನಿಜವಾಗಿತ್ತು. ಐವತ್ತೆರಡು ವರ್ಷದ ಅಕ್ಕನಿಗೆ ಇಳಿಜಾರು ಕಂಡರೆ ಈಗಲೂ ಅಂಗಾಲು ಜುಮ್ಮೆನ್ನುತ್ತಿತ್ತು. ರಾತ್ರಿಯೆಲ್ಲ ಆ ನಗು ಕಿವಿಯಲ್ಲಿ ಕೂತು ಕೊರೆಯಿತು.

ಬೆಳಿಗ್ಗೆ ಅವಳು ಒಂದು ಉಪಾಯ ಹೂಡಿದಳು. ಶೆಡ್ಡಿನ ಹಿಂದೆ ಹುಲ್ಲು ಬೆಳೆದ ಓರೆ ದಿಬ್ಬವಿದೆ, ಬಿದ್ದರೂ ಮೊಣಕಾಲುದ್ದದ ಚರಂಡಿಗೆ ಬೀಳುವಷ್ಟು. ಅದಕ್ಕೆ ನೀರು ಹಾಯಿಸಿ, ಸರ್ವೀಸಿಗೆ ಬಂದಿದ್ದ 'ಎಮ್ಮೆ'ಯನ್ನು ತಮ್ಮನ ಕೈಯಲ್ಲಿ ಅಡ್ಡಡ್ಡ ಓಡಿಸುವುದು. ಎಮ್ಮೆ ಎಂದರೆ ಕಪ್ಪನೆಯ ದಪ್ಪನೆಯ ಗಾಡಿ, ಅದಕ್ಕೆ ಟ್ರ್ಯಾಕ್ಷನ್ ಕಂಟ್ರೋಲು ಜೋಡಿಸಿದವಳು ಅಕ್ಕ, ಲಾಕು ಕೂರಿಸಿದವನು ತಮ್ಮನೇ. ಲಾಕು ಬಿದ್ದಿದೆ ಎಂದು ಗೊತ್ತಿದ್ದರೆ ಅವನು ಹುಷಾರಾಗಿ ಓಡಿಸಿ ತಪ್ಪಿಸಿಕೊಳ್ಳುತ್ತಾನೆ, ಕಳ್ಳ. ಅದಕ್ಕೆ ಅವಳು ಬ್ಯಾಟರಿಯ ಕರೆಂಟನ್ನು ಡ್ಯಾಶ್‌ಬೋರ್ಡಿನ ಗುಂಡಿ ತಪ್ಪಿಸಿ ನೇರವಾಗಿ ಲಾಕಿಗೆ ಕೊಟ್ಟಳು. ಪಕ್ಕದ ಸೀಟಿನ ಮುಂದೆ, ಕಾಲಿಡುವ ಮ್ಯಾಟಿನ ಅಡಿಯ ಫ್ಯೂಸು ಪೆಟ್ಟಿಗೆಯಿಂದ ಒಂದು ಗೇಣು ವೈರು, ಅಲುಗಾಡಿದರೂ ಕಳಚದಂತೆ ಮೂರು ಸುತ್ತು ಟೇಪು. ಈಗ ಗುಂಡಿ ಒತ್ತದೆಯೇ ಲಾಕು ಬಿದ್ದಿತ್ತು, ಡ್ಯಾಶ್‌ಬೋರ್ಡಿನ ದೀಪ ಮಾತ್ರ ಹತ್ತುತ್ತಿರಲಿಲ್ಲ. ಗಾಡಿ ಚರಂಡಿಗೆ ಜಾರಿದ ಮೇಲೆ ಮ್ಯಾಟು ಎತ್ತಿ ತೋರಿಸಿ, "ನೋಡಪ್ಪ, ನಿನ್ನ ಲಾಕು" ಎನ್ನಬೇಕು. ಅದೂ ನಿನ್ನೆಯ ಗಿರಾಕಿಗಳ ಎದುರಿಗೇ.

ಒಂದೇ ತೊಡಕು. ಸ್ಟಿಯರಿಂಗಿಗೆ ಕೆಂಪು ಬಟ್ಟೆ ಕಂಡರೆ ತಮ್ಮ ಗಾಡಿ ಹತ್ತುವುದಿಲ್ಲ. ಅಕ್ಕ ಬಟ್ಟೆ ಬಿಚ್ಚಿ ಕೆಲಸದ ಕೋಟಿನ ಜೇಬಿಗೆ ತುರುಕಿಕೊಂಡು ನೀರು ಬಿಡಲು ಹಿಂದಕ್ಕೆ ಹೋದಳು.

ಪೈಪಿನಿಂದ ನೀರು ಭೋರೆಂದು ಸುರಿಯುತ್ತಿರುವಾಗ ಶೆಡ್ಡಿನ ಆಚೆಯಿಂದ ಒಂದು ದನಿ ಬಂತು. "ಹೋಗ್ಬರ್ತೀನಿ ಅತ್ತೇ!"

"ಹುಷಾರು!" ಎಂದಳು ಅಕ್ಕ, ತಿರುಗಿ ಕೂಡ ನೋಡದೆ. ತಮ್ಮನ ಮುಖ ಹೇಗೆ ಸಪ್ಪಗಾಗುತ್ತದೆ ಎಂದು ಯೋಚಿಸುತ್ತ ನಗುತ್ತಿದ್ದಳು.

ದನಿ ಪಿಟ್ಟೆಯದು. ಪಿಟ್ಟೆ ತಮ್ಮನ ಮಗಳು. ಗಿಡ್ಡಗಿದ್ದಾಳೆಂದು ಆ ಹೆಸರು. ಮೂರು ವರ್ಷದವಳಿದ್ದಾಗ ತಾಯಿ ತೀರಿಕೊಂಡು ಅಕ್ಕನ ಮಡಿಲಿಗೆ ಬಿದ್ದ ಮಗು, ಅದೇ ಮೇಜಿನ ಕೆಳಗೆ ವೈರು ತುಂಡುಗಳ ಜೊತೆ ಆಡಿ ಬೆಳೆದವಳು. ಈಗ ಇಪ್ಪತ್ನಾಲ್ಕು. ಗುಡ್ಡದ ತುದಿಯ ಫೋನ್ ಟವರಿನ ಜನರೇಟರಿಗೆ ಡೀಸೆಲ್ ಒಯ್ಯುವುದು ಅವಳ ಕೆಲಸ, ಎಮ್ಮೆ ಅವಳ ಗಾಡಿ. ಮರುದಿನ ಬೇಕಾಗಿದ್ದ ಗಾಡಿ ಅವತ್ತೇ ಬೇಕಾಯಿತು, ಏಕೆಂದರೆ ಜನರೇಟರಿನ ಡೀಸೆಲ್ ಮುಗಿದು ಟವರು ಸತ್ತಿತ್ತು. ಸುತ್ತಲ ಯಾರ ಫೋನಿಗೂ ಸಿಗ್ನಲ್ ಇರಲಿಲ್ಲ.

ಅಕ್ಕ ನೀರು ನಿಲ್ಲಿಸಿ ಮುಂದೆ ಬಂದಾಗ ಎಮ್ಮೆ ನಿಂತಿದ್ದ ಜಾಗ ಖಾಲಿ. ನೆಲದ ಮೇಲೆ ಎರಡು ತೊಟ್ಟು ಎಣ್ಣೆ, ಡ್ರಮ್ಮುಗಳನ್ನು ಉರುಳಿಸಿದ ಗುರುತು.

ಗುಡ್ಡದ ಮೇಲೆ ಎರಡು ದಿನದಿಂದ ಮಳೆ ಸುರಿದು ಅದೇ ತಾನೇ ನಿಂತಿತ್ತು. ಗುಡ್ಡದವರೆಗೆ ನೇರವಾದ ಜಲ್ಲಿ ರಸ್ತೆ, ಅದರಲ್ಲಿ ಲಾಕು ಬಿದ್ದದ್ದು ಗೊತ್ತೂ ಆಗುವುದಿಲ್ಲ. ಆಮೇಲೆ ಏರು. ಏರು ಮುಗಿದ ಮೇಲೆ ಗುಡ್ಡದ ಪಕ್ಕೆಯಲ್ಲಿ ಅರ್ಧ ಫರ್ಲಾಂಗು ಓರೆ ದಾರಿ, ಬಲಗಡೆಗೆ ವಾಲಿದ ಜೇಡಿಮಣ್ಣು. ಅದರ ಕೆಳಗೆ ಹಳೆಯ ಕಲ್ಲುಗಣಿಯ ಗುಂಡಿ, ಎರಡು ಅಂತಸ್ತಿನ ಮನೆ ಮುಳುಗುವಷ್ಟು ಆಳ. ಹಿಂದೆ ನಾಲ್ಕು ಡ್ರಮ್ಮು ಡೀಸೆಲ್. ಅವಳು ಫೋನು ತೆಗೆದು ನೋಡಿದಳು, ಸಿಗ್ನಲ್ ಇಲ್ಲವೆಂದು ಗೊತ್ತಿದ್ದೂ ಮೂರು ಸಲ ನೋಡಿದಳು.

"ಪಿಟ್ಟೆ ಎಮ್ಮೆ ತಗೊಂಡು ಹೋಗಿದಾಳೆ!" ಎಂದು ತಮ್ಮ ಕೆಲಸ ಮಾಡುತ್ತಿದ್ದ ಗುಂಡಿಯ ಬಳಿ ನಿಂತು ಕೂಗಿದಳು. "ಅದರ ಲಾಕು ಬಿದ್ದೇ ಇದೆ ಕಣೋ! ದೀಪ ಹತ್ತಲ್ಲ, ಅವಳಿಗೆ ಗೊತ್ತಾಗಲ್ಲ!"

ತಮ್ಮ ಗುಂಡಿಯಿಂದ ಹಾರಿದ. ಹಾರುವ ಭರದಲ್ಲಿ ಬಲಗಾಲು ಅಂಚಿಗೆ ಸಿಕ್ಕಿ ಉಳುಕಿತು, ಕೂಗಿಕೊಂಡು ನೆಲಕ್ಕೆ ಕೂತ. ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಆ ಕಾಲಿನಲ್ಲಿ ಆಕ್ಸಿಲರೇಟರು ತುಳಿಯುವುದು ಸಾಧ್ಯವಿರಲಿಲ್ಲ.

"ನೀನೇ ಓಡಿಸು ಅಕ್ಕ" ಎಂದ.

ಅಂಗಳದಲ್ಲಿ ಉಳಿದಿದ್ದದ್ದು 'ಮುದುಕಿ' ಎಂಬ ಹಳೆಯ ಗಾಡಿಯೊಂದೇ. ಅದಕ್ಕೆ ಲಾಕಿಲ್ಲ, ಅಕ್ಕ ಕೈಯಾರೆ ಜೋಡಿಸಿದ ಟ್ರ್ಯಾಕ್ಷನ್ ಕಂಟ್ರೋಲು ಮಾತ್ರ. ಅದನ್ನು ಅವಳು ಪೇಟೆಗಿಂತ ಆಚೆ ಒಂದು ದಿನವೂ ಓಡಿಸಿದವಳಲ್ಲ.

ಜಲ್ಲಿ ರಸ್ತೆಯುದ್ದಕ್ಕೂ ತಮ್ಮ ಹಣೆ ಚಚ್ಚಿಕೊಂಡ. "ನಂದೇ ತಪ್ಪು. ಲಾಕ್ ಕೂರಿಸುವಾಗ ಏನೋ ಎಡವಟ್ಟು ಮಾಡಿದೀನಿ, ಅದಕ್ಕೇ ಸಿಕ್ಕಾಕ್ಕೊಂಡಿದೆ. ಇಪ್ಪತ್ತು ವರ್ಷದಿಂದ ಬಡ್ಕೊಂಡೆ ನೀನು, ಓರೆ ನೆಲಕ್ಕೆ ಲಾಕ್ ಆಗಲ್ಲ ಅಂತ. ಕೇಳ್ಲಿಲ್ಲ ನಾನು. ನನ್ನ ಮಗೂನ ನಾನೇ ಕೊಂದೆ ಅಕ್ಕ."

ಹೇಳಿಬಿಡು, ಎಂದಿತು ಅಕ್ಕನ ಒಳಗಿನ ದನಿ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಮಗು ಸಿಕ್ಕಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡಳು. ಮನುಷ್ಯರ ಬುದ್ಧಿ ನೋಡಿ: ಪಿಟ್ಟೆ ಸಾಯುತ್ತಾಳೆಂಬ ದೊಡ್ಡ ಭಯ ಎದೆಯ ಮೇಲೆ ಬಂಡೆಯಂತೆ ಕೂತಿರುವಾಗಲೂ, ತಮ್ಮನಿಗೆ ಗೊತ್ತಾಗುತ್ತದಲ್ಲ ಎಂಬ ಚಿಕ್ಕ ಭಯ ತನ್ನ ಜಾಗ ಬಿಟ್ಟುಕೊಡಲಿಲ್ಲ. ಅವನು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳ ಮಾತು ಒಪ್ಪಿಕೊಂಡಿದ್ದ. ಅದನ್ನು ಕೇಳಲು ಎಷ್ಟು ಹಂಬಲಿಸಿದ್ದಳು ಅವಳು. ಈಗ ಕೇಳಿದಾಗ ಕಿವಿ ಮುಚ್ಚಿಕೊಳ್ಳಬೇಕೆನಿಸಿತು, ಕೈ ಸ್ಟಿಯರಿಂಗು ಬಿಡುವಂತಿರಲಿಲ್ಲ.

ಏರು ಬಂತು. ಮಳೆಯ ನೀರು ಹರಿದು ದಾರಿಯ ನಡುವೆ ಕಾಲುವೆ ಬಿದ್ದಿತ್ತು. ಅರ್ಧ ಹತ್ತುವಷ್ಟರಲ್ಲಿ ಮುದುಕಿಯ ಎಡಗಡೆಯ ಹಿಂಚಕ್ರ ಗರಗರ ತಿರುಗಿ ಕೆಸರು ಎರಚಿತು. ಗಾಡಿ ನಿಂತಿತು. ಎದುರಿನ ಗಾಜಿನಲ್ಲಿ ಅಕ್ಕನಿಗೆ ಮುಂದಿನ ದಾರಿ ಕಾಣಲಿಲ್ಲ, ಬರೀ ಆಕಾಶ ಕಂಡಿತು. ಕೆಳಗಿನಿಂದ ಕಟಕಟಕಟ ಎಂದು ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಸದ್ದಾಗಿ ಇಡೀ ಗಾಡಿ ಅದುರಿತು.

"ಕಾಲು ತೆಗಿ ಅಕ್ಕಾ! ಹಿಂದಕ್ಕೆ ಹೋಗ್ತೀವಿ!"

ಕಾಲು ತಾನಾಗಿಯೇ ಮೇಲೇಳುತ್ತಿತ್ತು. ಆಗ ಅವಳಿಗೆ ತನ್ನದೇ ಮಾತು ಕೇಳಿಸಿತು. ಎಷ್ಟು ಗಿರಾಕಿಗಳಿಗೆ ಹೇಳಿದ್ದಳು, ಕುರ್ಚಿಯ ಮೇಲೆ ಕೂತು, ಚಹಾ ಕುಡಿಯುತ್ತ: ಕಟಕಟ ಅಂದ್ರೆ ಹೆದರ್ಬೇಡಿ, ಅದು ಕೆಲಸ ಮಾಡ್ತಿರೋ ಸದ್ದು. ಆಗ ಕಾಲು ತೆಗೆದ್ರೆ ಕೆಟ್ಟಿರಿ, ಒತ್ತಿದ್ದಷ್ಟೇ ಒತ್ತಿ ಹಿಡೀರಿ. ಹೇಳುವುದೇನು, ಬಾಯಿಗೆ ಬಾಡಿಗೆಯೇ? ಈಗ ಎರಡೂ ಕೈಯಲ್ಲಿ ಸ್ಟಿಯರಿಂಗು ಅಪ್ಪಿಕೊಂಡು, ಕಣ್ಣು ಮುಚ್ಚಿ, ಕಾಲನ್ನು ಅಲ್ಲೇ ಇಟ್ಟಳು. ಒಂದು, ಎರಡು, ಮೂರು ಉಸಿರು. ಬ್ರೇಕು ಕಾದ ವಾಸನೆ ಬಂತು. ಆಮೇಲೆ ಗಟ್ಟಿ ನೆಲದ ಮೇಲಿದ್ದ ಬಲಚಕ್ರ ಕಚ್ಚಿಕೊಂಡಿತು, ಮುದುಕಿ ಗೊಣಗುತ್ತ ಗೊಣಗುತ್ತ ಮೇಲೇರಿತು.

ಏರು ಮುಗಿದು ತಿರುವು ದಾಟಿದೊಡನೆ ಎಮ್ಮೆ ಕಂಡಿತು.

ಅದು ದಾರಿಯ ಮೇಲಿರಲಿಲ್ಲ. ಮೂತಿ ಮಾತ್ರ ದಾರಿಯಲ್ಲಿತ್ತು, ಬಾಲ ಬಲಗಡೆಗೆ ಜಾರಿ ಇಳಿಜಾರಿನಲ್ಲಿ ನಿಂತಿತ್ತು. ಜೇಡಿಮಣ್ಣಿನ ಮೇಲೆ ಎರಡು ಹಿಂಚಕ್ರಗಳೂ ಒಟ್ಟಿಗೆ ಉಜ್ಜಿಕೊಂಡು ಹೋದ ಅಗಲವಾದ ಗುರುತು. ಕೆಳಗಿನ ಚಕ್ರಕ್ಕೆ ಕುರಿಯ ಗಾತ್ರದ ಒಂದು ಕಲ್ಲು ಅಡ್ಡ ಸಿಕ್ಕಿತ್ತು. ಅದರಿಂದ ನಾಲ್ಕು ಮಾರು ಕೆಳಗೆ ನೆಲ ಮುಗಿದು ಗಣಿಯ ಬಾಯಿ ಶುರುವಾಗುತ್ತಿತ್ತು.

"ಹತ್ರ ಬರ್ಬೇಡಿ!" ಕಿಟಕಿಯೊಳಗಿನಿಂದ ಪಿಟ್ಟೆಯ ದನಿ, ತೆಳ್ಳಗೆ. "ಅಪ್ಪಾ, ಬ್ರೇಕ್ ತುಳ್ಕೊಂಡು ಕೂತಿದೀನಿ. ಕಾಲು ಸ್ವಲ್ಪ ಸಡ್ಲ ಮಾಡಿದ್ರೆ ಜಾರುತ್ತೆ. ಹ್ಯಾಂಡ್‌ಬ್ರೇಕ್ ಈ ಭಾರಕ್ಕೆ ಹಿಡೀತಿಲ್ಲ."

"ಮೇಲ್ಗಡೆ ಬಾಗಿಲಿಂದ ಹಾರಿಬಿಡು ಮಗಳೇ! ಗಾಡಿ ಹಾಳಾಗಿ ಹೋಗ್ಲಿ!"

"ಆ ಕಡೆ ಸೀಟಿಗೆ ದಾಟೋಕೆ ಕಾಲು ತೆಗೀಬೇಕಲ್ಲಪ್ಪ. ನನ್ನ ಬಾಗಿಲು ಗಣಿ ಕಡೆಗಿದೆ. ಗಾಡಿ ಎಳೆಯೋ ಹಗ್ಗಾನೂ ಡ್ರಮ್ಮುಗಳ ಅಡಿಗಿದೆ." ಆಮೇಲೆ ಅತ್ತೆಯನ್ನು ನೋಡಿ ಅವಳ ದನಿ ಒಡೆಯಿತು. "ಅತ್ತೆ, ನಾನು ಲಾಕ್ ಹಾಕಿಲ್ಲ. ಆಣೆಗೂ ಹಾಕಿಲ್ಲ. ನೀನು ಹೇಳ್ಕೊಟ್ಟ ಹಾಗೇ ಓಡಿಸ್ದೆ. ಆದ್ರೂ ಜಾರ್ತಿದೆ, ಯಾಕೋ ಗೊತ್ತಾಗ್ತಿಲ್ಲ. ಕೊನೇದಾಗಿ ಲಾಕ್ ಹಾಕಿ ಒಂದ್ಸಲ ಒತ್ತಿ ನೋಡ್ಲಾ?"

"ಬೇಡ!" ಎಂದು ಚೀರಿದಳು ಅಕ್ಕ. "ಏನೂ ಒತ್ಬೇಡ. ನಾನು ಬರ್ತೀನಿ."

ತಮ್ಮ ಒಂದು ಕಾಲಿನಲ್ಲಿ ಕುಂಟುತ್ತ ಹೊರಟಿದ್ದ, ಎರಡು ಹೆಜ್ಜೆಗೇ ಜಾರಿ ಬಿದ್ದ. ಅಕ್ಕ ಇಳಿಜಾರನ್ನು ನೋಡಲಿಲ್ಲ. ನೋಡಿದ್ದರೆ ಅಲ್ಲೇ ಕುಸಿಯುತ್ತಿದ್ದಳು. ಮಣ್ಣಿಗೆ ಕೈಯೂರಿ, ಅಂಬೆಗಾಲಿಟ್ಟು, ಎಮ್ಮೆಯ ಮೇಲ್ಗಡೆಯ ಬಾಗಿಲು ತಲುಪಿ ತೆರೆದಳು. ಸೀಟಿನ ಮೇಲೆ ಬೋರಲಾಗಿ ಮಲಗಿ ತಲೆಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ತೂರಿಸಿದಳು. ಮ್ಯಾಟು ಎತ್ತಿದಳು. ವೈರು ಕೈಗೆ ಸಿಕ್ಕಿತು.

ಬರಲಿಲ್ಲ. ಅಕ್ಕನ ಟೇಪು ಸುತ್ತು ಎಂದರೆ ಸುತ್ತಲಿನ ಶೆಡ್ಡುಗಳಲ್ಲೆಲ್ಲ ಹೆಸರುವಾಸಿ, ಮಳೆಗಾಲ ಹತ್ತು ಕಳೆದರೂ ಬಿಡುವುದಲ್ಲ. ಬೆವರಿದ ಬೆರಳುಗಳಿಗೆ ಅದರ ತುದಿಯೇ ಸಿಗಲಿಲ್ಲ. ಹಿಂದೆ ಕಲ್ಲು ಕರಕರ ಎಂದಿತು, ಗಾಡಿ ಒಂದು ಗೇಣು ಕೆಳಕ್ಕೆ ಕುಸಿಯಿತು. ಪಿಟ್ಟೆ "ಅತ್ತೇ" ಎಂದಳು, ಚಿಕ್ಕಂದಿನಲ್ಲಿ ಜ್ವರ ಬಂದಾಗ ಕರೆಯುತ್ತಿದ್ದ ಹಾಗೆ. ಅಕ್ಕನಿಗೆ ಜೀವ ಬಾಯಿಗೆ ಬಂತು. ಆ ಬಾಯನ್ನೇ ಟೇಪಿಗೆ ಹಾಕಿ ಹಲ್ಲಿನಲ್ಲಿ ಕಚ್ಚಿ ಎಳೆದಳು. ತುಟಿ ಸೀಳಿತು, ಟೇಪು ಹರಿಯಿತು, ವೈರು ಕಿತ್ತು ಬಂತು.

ಆದರೆ ಲಾಕು ಬಿಟ್ಟ ಸದ್ದು ಕೇಳಲಿಲ್ಲ. ಭಾರ ಬಿದ್ದಿರುವಾಗ ಕರೆಂಟು ಹೋದರೂ ಲಾಕಿನ ಹಲ್ಲು ಬಿಡುವುದಿಲ್ಲ. ಚಕ್ರ ಒಂದಿಷ್ಟು ಅಲುಗಿದ ಮೇಲೆಯೇ ಬಿಡುವುದು. ಅಲುಗಿದರೆ ಮೊದಲು ಜಾರುತ್ತದೆ. ಎಷ್ಟು ಜಾರುತ್ತದೆ ಎಂದು ಯಾರಿಗೂ ಗೊತ್ತಿಲ್ಲ.

"ಪಿಟ್ಟೆ, ಕೇಳು. ಮೊದಲನೇ ಗೇರು. ಕಾಲು ಬ್ರೇಕಿಂದ ಆಕ್ಸಿಲರೇಟರಿಗೆ, ಮೆಲ್ಲಗೆ. ಮುಂದೆ ಹತ್ತು ಮಾರಿಗೆ ಹಾಸುಬಂಡೆ ಇದೆ, ಅಲ್ಲೀವರೆಗೆ ಅಷ್ಟೇ. ಒಂಚೂರು ಜಾರುತ್ತೆ. ಆಮೇಲೆ ಕಟಕಟ ಅನ್ನುತ್ತೆ. ಕಾಲು ತೆಗೀಬೇಡ."

"ನೀನು ಇಳಿ ಅತ್ತೆ."

"ನನ್ನ ಭಾರ ಮೇಲ್ಗಡೆ ಇರ್ಲಿ, ಒಳ್ಳೇದು. ನಡಿ."

ಕಾಲು ಬದಲಾಯಿತು. ಎಮ್ಮೆ ಜಾರಿತು. ಕಲ್ಲು ಕಳಚಿ ಉರುಳಿಹೋದದ್ದು ಕೇಳಿಸಿತು, ಅದು ಗಣಿಯ ನೀರಿಗೆ ಬಿದ್ದ ಸದ್ದು ಮಾತ್ರ ತುಸು ತಡವಾಗಿ ಬಂತು. ಅಷ್ಟರಲ್ಲಿ ಗಾಡಿ ಒಂದು ಮೊಳ, ಎರಡು ಮೊಳ ಜಾರಿತ್ತು. ಅಕ್ಕ ಪಿಟ್ಟೆಯ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಆಗ ಹಿಂದಿನಿಂದ ಟಕ್ ಎಂದಿತು. ಮರುಗಳಿಗೆ ಕಟಕಟಕಟ. ಕೆಳಗಿನ ಚಕ್ರ ನೆಲ ಕಚ್ಚಿ ನಿಂತಿತು, ಆಡುತ್ತಿದ್ದ ಮೇಲಿನ ಚಕ್ರದ ಕಿವಿ ಹಿಂಡಿತು ಬ್ರೇಕು, ಎಮ್ಮೆ ಇಂಚಿಂಚಾಗಿ ಮುಂದಕ್ಕೆ ತೆವಳಿತು. ಪಿಟ್ಟೆ ಕಾಲು ತೆಗೆಯಲಿಲ್ಲ. ಹಾಸುಬಂಡೆಯ ಮೇಲೆ ನಾಲ್ಕೂ ಚಕ್ರ ನಿಂತ ಮೇಲೆ ಇಂಜಿನ್ನು ಆರಿಸಿದಳು.

ಇಬ್ಬರೂ ಮೇಲ್ಗಡೆಯ ಬಾಗಿಲಿನಿಂದಲೇ ಇಳಿದರು. ಪಿಟ್ಟೆಯ ಮುಖವೆಲ್ಲ ಬೆವರು ಕಣ್ಣೀರು. ಅಕ್ಕ ಅವಳನ್ನು ತಬ್ಬಿಕೊಂಡು, ಜೇಬಿಗೆ ಕೈ ಹಾಕಿ, ಸಿಕ್ಕಿದ ಬಟ್ಟೆಯಿಂದ ಅವಳ ಮುಖ ಒರೆಸಿದಳು.

ಪಿಟ್ಟೆ ಆ ಬಟ್ಟೆಯನ್ನು ಹಿಡಿದುಕೊಂಡಳು. ಬಿಡಿಸಿ ನೋಡಿದಳು. ಕೆಂಪು.

ತಮ್ಮ ಕುಂಟುತ್ತ, ತೆವಳುತ್ತ ಅಷ್ಟರಲ್ಲಿ ಬಂದಿದ್ದ. "ನಂದೇ ತಪ್ಪು ಮಗಳೇ. ನಾನು ಕೂರಿಸಿದ ಲಾಕು..."

"ನಾನು ನೋಡಿದ್ದೆ ಅತ್ತೆ" ಎಂದಳು ಪಿಟ್ಟೆ, ಅಪ್ಪನ ಮಾತು ಕೇಳಿಸಿಕೊಳ್ಳದೆ. "ಬಟ್ಟೆ ಇಲ್ಲ ಅಂತ ಎರಡು ಸಲ ನೋಡ್ದೆ. ಆಮೇಲೇ ಕೀ ತಗೊಂಡೆ."

ಅಕ್ಕ ಇನ್ನೊಂದು ಕೈ ಬಿಚ್ಚಿದಳು. ಅಂಗೈಯಲ್ಲಿ ಒಂದು ಗೇಣು ವೈರಿತ್ತು, ತುದಿಗೆ ಅವಳ ಟೇಪು. ತಮ್ಮನಿಗೆ ಬೇರೆ ಏನೂ ಹೇಳಬೇಕಾಗಿರಲಿಲ್ಲ, ಆದರೂ ಅವಳು ಹೇಳಿದಳು. ದಿಬ್ಬಕ್ಕೆ ನೀರು ಬಿಟ್ಟದ್ದು, ಬಟ್ಟೆ ಬಿಚ್ಚಿದ್ದು, ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡಿದ್ದದ್ದು, ಒಂದನ್ನೂ ಬಿಡದೆ ಹೇಳಿದಳು. ತುಟಿಯ ರಕ್ತ ಗಲ್ಲಕ್ಕೆ ಇಳಿಯುತ್ತಿತ್ತು.

ತಮ್ಮ ಬಂಡೆಯ ಮೇಲೆ ಕೂತ. ವೈರನ್ನು ಕೈಗೆ ತೆಗೆದುಕೊಂಡು, "ಗುಡ್ಡ ಗೊತ್ತಿಲ್ಲ ಅಂದೆನಲ್ಲ, ಅದಕ್ಕಾ?" ಎಂದು ಕೇಳಿದ.

"ಅದಕ್ಕೇ" ಎಂದಳು ಅಕ್ಕ.

ಅವನು ಬೈಯಲಿಲ್ಲ. ಪಿಟ್ಟೆಯೂ ಬೈಯಲಿಲ್ಲ. ಬಟ್ಟೆಯನ್ನು ನಾಲ್ಕಾಗಿ ಮಡಚಿ ಅತ್ತೆಯ ಜೇಬಿಗೇ ಹಾಕಿ, "ಟವರಿಗೆ ಡೀಸೆಲ್ ಹೋಗ್ಬೇಕು" ಎಂದಳು.

ಈಗ ಶೆಡ್ಡಿನಲ್ಲಿ ಆ ಜಗಳವಿಲ್ಲ. ಲಾಕು ಒಳ್ಳೆಯದೋ ಟ್ರ್ಯಾಕ್ಷನ್ ಕಂಟ್ರೋಲೋ ಎಂದು ಗಿರಾಕಿ ಕೇಳಿದರೆ ಅಕ್ಕ ತಮ್ಮನ ಕಡೆ ಕೈ ತೋರಿಸುತ್ತಾಳೆ, ತಮ್ಮ ಅಕ್ಕನ ಕಡೆ. ಪಿಟ್ಟೆ ಮೊದಲಿನಂತೆಯೇ ಇದ್ದಾಳೆ. ಅತ್ತೆಯ ತಟ್ಟೆಯಿಂದಲೇ ತಿನ್ನುತ್ತಾಳೆ, ಅತ್ತೆಯ ಕನ್ನಡಕ ಕದ್ದು ಹಾಕಿಕೊಂಡು ಗೋಳು ಹೊಯ್ದುಕೊಳ್ಳುತ್ತಾಳೆ. ಆದರೆ ಗಾಡಿ ಒಯ್ಯುವ ಬೆಳಿಗ್ಗೆ ಸ್ಟಿಯರಿಂಗಿಗೆ ಬಟ್ಟೆ ಇಲ್ಲದ್ದನ್ನು ನೋಡಿದ ಮೇಲೂ ಕೀ ತೆಗೆದುಕೊಳ್ಳುವುದಿಲ್ಲ. ಪಕ್ಕದ ಬಾಗಿಲು ತೆರೆದು, ಮಂಡಿಯೂರಿ, ಮ್ಯಾಟು ಎತ್ತಿ, ಫ್ಯೂಸು ಪೆಟ್ಟಿಗೆಯ ಸುತ್ತ ಬೆರಳಾಡಿಸಿ ನೋಡುತ್ತಾಳೆ. ಮೊದಲ ದಿನ ಅದನ್ನು ಕಂಡಾಗ ಅಕ್ಕ ಮೇಜಿನ ಹಿಂದೆ ಹೋಗಿ ಅತ್ತಳು. ಎರಡನೆಯ ದಿನ ಹೋಗಿ ಪಕ್ಕದಲ್ಲಿ ನಿಂತಳು. ಡ್ಯಾಶ್‌ಬೋರ್ಡಿನ ಅಡಿ ಕತ್ತಲೆ, ಏನೂ ಸರಿಯಾಗಿ ಕಾಣುವುದಿಲ್ಲ. ಈಗ ದಿನಾ ಪಿಟ್ಟೆ ಮ್ಯಾಟು ಎತ್ತುತ್ತಾಳೆ, ಅಕ್ಕ ಟಾರ್ಚು ಹಿಡಿಯುತ್ತಾಳೆ. ನೋಡಿ ಮುಗಿಯುವವರೆಗೂ ಅವಳು ಬೆಳಕನ್ನು ಒಂದಿಂಚೂ ಸರಿಸುವುದಿಲ್ಲ, ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದರೂ.

"ಹೋಗ್ಬರ್ತೀನಿ ಅತ್ತೆ" ಎನ್ನುತ್ತಾಳೆ ಪಿಟ್ಟೆ.

ಹುಷಾರು ಎನ್ನಲು ಅಕ್ಕನಿಗೆ ಇನ್ನೂ ಬಾಯಿ ಬಂದಿಲ್ಲ. ಗಾಡಿ ತಿರುವು ದಾಟುವವರೆಗೆ ಟಾರ್ಚು ಆರಿಸುವುದನ್ನೂ ಮರೆತು ನಿಂತಿರುತ್ತಾಳೆ.